ಆಹಾರ ನೆರವಿನ ಪ್ರಯೋಗಗಳು ಮತ್ತು ವರದಿಯ ಹೊಣೆ: ಅಮೆರಿಕದ ಸ್ನ್ಯಾಪ್ ಯೋಜನೆ

ಬಡವರಿಗೆ ಆಹಾರ ಒದಗಿಸುವ ಸರ್ಕಾರಿ ಯೋಜನೆಯ ನಿಯಮವೊಂದನ್ನು ಸೀಮಿತ ಪ್ರದೇಶದಲ್ಲಿ, ಸೀಮಿತ ಅವಧಿಗೆ ಬದಲಾಯಿಸಿ ನೋಡಿ, ಅದರ ಫಲವನ್ನು ಅಳೆದು ಒಪ್ಪಿಸುವ ಪದ್ಧತಿಗೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ವಿವರವಾದ ಕಾನೂನಿನ ಆಧಾರವಿದೆ. ಅಲ್ಲಿನ ಅತಿ ದೊಡ್ಡ ಆಹಾರ ನೆರವು ಕಾರ್ಯಕ್ರಮದ ಹೆಸರು ಪೂರಕ ಪೋಷಣಾ ನೆರವು ಯೋಜನೆ. ಎಲ್ಲರೂ ಕರೆಯುವುದು ಸ್ನ್ಯಾಪ್ ಎಂದು. 2024ರ ಹಣಕಾಸು ವರ್ಷದಲ್ಲಿ ತಿಂಗಳಿಗೆ ಸರಾಸರಿ 4.17 ಕೋಟಿ ಜನ ಅದರ ನೆರವು ಪಡೆದರು. ವರ್ಷದ ವೆಚ್ಚ ಸುಮಾರು 10,000 ಕೋಟಿ ಡಾಲರ್. ನೆರವಿನ ಹಣ ಕೊಡುವುದು ಕೇಂದ್ರ ಸರ್ಕಾರ, ಅರ್ಜಿ ತೆಗೆದುಕೊಂಡು ಅರ್ಹತೆ ತೀರ್ಮಾನಿಸುವುದು ರಾಜ್ಯಗಳು. ಕೇಂದ್ರದ ಪರವಾಗಿ ಮೇಲ್ವಿಚಾರಣೆ ನಡೆಸುವುದು ಕೃಷಿ ಇಲಾಖೆಯ ಅಂಗವಾದ ಆಹಾರ ಮತ್ತು ಪೋಷಣಾ ಸೇವೆ ಎಂಬ ಸಂಸ್ಥೆ.

ಈ ಹಂಚಿಕೆಯಿಂದಲೇ ಪ್ರಯೋಗಗಳ ಅಗತ್ಯ ಹುಟ್ಟಿತು. ಕಚೇರಿಯ ಕಿಟಕಿಯಲ್ಲಿ ಕೂತು ಜನರನ್ನು ಎದುರಿಸುವ ರಾಜ್ಯಕ್ಕೆ ನಿಯಮದ ತೊಡಕು ಕಾಣುತ್ತದೆ. ನಿಯಮ ಬದಲಿಸುವ ಅಧಿಕಾರ ಅದಕ್ಕಿಲ್ಲ. ಆದ್ದರಿಂದ ರಾಜ್ಯ ವಿನಾಯಿತಿ ಕೇಳುತ್ತದೆ. ಕೇಂದ್ರ ವಿನಾಯಿತಿ ಕೊಡುವಾಗ ಪ್ರತಿಯಾಗಿ ವರದಿ ಕೇಳುತ್ತದೆ. ಸಂಸತ್ತು ಎಲ್ಲರಿಗೂ ಒಂದೇ ಎಂದು ಮಾಡಿದ ಕಾನೂನನ್ನು ಕೆಲವರ ಮಟ್ಟಿಗೆ ಸಡಿಲಿಸಲು ಸರ್ಕಾರಕ್ಕಿರುವ ನೈತಿಕ ಆಧಾರ ಆ ವರದಿಯೊಂದೇ. ಅದಿಲ್ಲದಿದ್ದರೆ ನಡೆದದ್ದು ಪ್ರಯೋಗವಲ್ಲ, ಕೆಲವು ಮನೆಗಳ ಊಟದ ಮೇಲೆ ಮಾಡಿದ ಬರಿಯ ಮಾರ್ಪಾಡು.

ಹಿನ್ನೆಲೆ

ಈ ಯೋಜನೆ ಹುಟ್ಟಿದ್ದೇ ಪ್ರಯೋಗವಾಗಿ. 1939ರ ಮೇ 16ರಂದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ ಮೊದಲ ಆಹಾರ ಚೀಟಿಗಳು ಮಾರಾಟವಾದವು. ಆಗ ಹೆನ್ರಿ ವ್ಯಾಲೇಸ್ ಕೃಷಿ ಕಾರ್ಯದರ್ಶಿ. ಕುಟುಂಬ ತಾನು ಸಾಮಾನ್ಯವಾಗಿ ಆಹಾರಕ್ಕೆ ಖರ್ಚು ಮಾಡುವಷ್ಟು ಹಣ ಕೊಟ್ಟು ಕಿತ್ತಳೆ ಬಣ್ಣದ ಚೀಟಿ ಕೊಳ್ಳಬೇಕಿತ್ತು. ಒಂದು ಡಾಲರ್‌ನ ಕಿತ್ತಳೆ ಚೀಟಿಗೆ 50 ಸೆಂಟ್‌ನ ನೀಲಿ ಚೀಟಿ ಉಚಿತ. ನೀಲಿ ಚೀಟಿಯಿಂದ ಕೊಳ್ಳಬಹುದಾಗಿದ್ದುದು ಸರ್ಕಾರ ಹೆಚ್ಚುವರಿ ಎಂದು ಘೋಷಿಸಿದ ಪದಾರ್ಥಗಳನ್ನು ಮಾತ್ರ. ರೈತನ ಮಾಲು ಮಾರಾಟವಾಗಬೇಕು, ಹಸಿದವನಿಗೂ ಸಿಗಬೇಕು ಎಂಬ ಎರಡು ಉದ್ದೇಶ ಅದರಲ್ಲಿತ್ತು. ಯುದ್ಧ ಬಂದು ಹೆಚ್ಚುವರಿ ಮಾಲೂ ನಿರುದ್ಯೋಗವೂ ಕರಗಿದ ಮೇಲೆ, 1943ರಲ್ಲಿ ಯೋಜನೆ ನಿಂತಿತು.

ಎರಡನೆಯ ಹುಟ್ಟು 1961ರಲ್ಲಿ. ಅಧ್ಯಕ್ಷ ಜಾನ್ ಕೆನಡಿ ಅಧಿಕಾರ ವಹಿಸಿಕೊಂಡ ಮರುದಿನವೇ ಆಹಾರ ವಿತರಣೆ ಹೆಚ್ಚಿಸುವ ಆದೇಶ ಹೊರಡಿಸಿದರು. ಅದರ ಬೆನ್ನಿಗೇ ಎಂಟು ಪ್ರದೇಶಗಳಲ್ಲಿ ಚೀಟಿ ಯೋಜನೆ ಪ್ರಾಯೋಗಿಕವಾಗಿ ಶುರುವಾಯಿತು. ಮೊದಲ ವಿತರಣೆ ನಡೆದದ್ದು ವೆಸ್ಟ್ ವರ್ಜೀನಿಯಾದ ಕಲ್ಲಿದ್ದಲು ಗಣಿಗಳ ನಾಡಾದ ಮ್ಯಾಕ್‌ಡೊವೆಲ್ ಕೌಂಟಿಯಲ್ಲಿ, ಮೇ 29ರಂದು. ಡೆಟ್ರಾಯಿಟ್ ನಗರ ಮತ್ತು ಪೆನ್ಸಿಲ್ವೇನಿಯಾದ ಫೆಯೆಟ್ ಕೌಂಟಿಯಲ್ಲಿ ಕೃಷಿ ಇಲಾಖೆ ಮನೆಗಳ ಆಹಾರ ಬಳಕೆಯನ್ನು ಅಧ್ಯಯನ ಮಾಡಿಸಿತು; ಮಾಂಸ ಮತ್ತು ತಾಜಾ ಹಣ್ಣು ತರಕಾರಿಗಳ ಬಳಕೆ ಹೆಚ್ಚಿದ್ದು ಕಂಡುಬಂತು. 1964ರ ಜನವರಿಯ ವೇಳೆಗೆ ಪ್ರಯೋಗ 22 ರಾಜ್ಯಗಳ 43 ಪ್ರದೇಶಗಳಿಗೆ ಹರಡಿ ಸುಮಾರು 3,80,000 ಜನರನ್ನು ತಲುಪಿತ್ತು. ಅದೇ ವರ್ಷದ ಆಗಸ್ಟ್ 31ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಆಹಾರ ಚೀಟಿ ಕಾಯ್ದೆಗೆ ಸಹಿ ಹಾಕಿದರು. ಪ್ರಾಯೋಗಿಕ ಪ್ರದೇಶಗಳ ಅನುಭವ ಕಣ್ಣಮುಂದೆ ಇಟ್ಟುಕೊಂಡು ದೇಶದ ಕಾನೂನು ಬರೆದ ಈ ಕ್ರಮ ಮುಂದಿನ ಪ್ರಯೋಗಗಳಿಗೆಲ್ಲ ಮಾದರಿಯಾಗಬೇಕಿತ್ತು. ಹಾಗೆ ಆಗದ ಸಂದರ್ಭಗಳೂ ಇವೆ. ಅವು ಕೆಳಗೆ ಬರುತ್ತವೆ.

1977ರ ಕಾಯ್ದೆ ಚೀಟಿಗೆ ಹಣ ಕೊಡಬೇಕೆಂಬ ಷರತ್ತನ್ನು ತೆಗೆದುಹಾಕಿತು. ಕಡುಬಡವರನ್ನು ಯೋಜನೆಯಿಂದ ಹೊರಗಿಟ್ಟಿದ್ದೇ ಆ ಷರತ್ತು. ಅದೇ ಕಾಯ್ದೆಯ 17ನೆಯ ಪ್ರಕರಣ ಸಂಶೋಧನೆ, ಪ್ರಯೋಗ ಮತ್ತು ಮೌಲ್ಯಮಾಪನಕ್ಕೆ ಮೀಸಲಾಯಿತು. 2008ರಲ್ಲಿ ಕಾಯ್ದೆ ಮತ್ತು ಯೋಜನೆ ಎರಡರ ಹೆಸರೂ ಬದಲಾದವು, 17ನೆಯ ಪ್ರಕರಣ ಮಾತ್ರ ತನ್ನ ಜಾಗದಲ್ಲೇ ಉಳಿಯಿತು.

ಕಾನೂನಿನ ಚೌಕಟ್ಟು

ವಿನಾಯಿತಿಗಳಲ್ಲಿ ಎರಡು ಬಗೆ. ಆಡಳಿತಾತ್ಮಕ ವಿನಾಯಿತಿ ಕೃಷಿ ಇಲಾಖೆ ತಾನೇ ಮಾಡಿದ ನಿಯಮಗಳನ್ನು ಸಡಿಲಿಸುತ್ತದೆ, ಕಾಯ್ದೆಯನ್ನು ಮುಟ್ಟುವಂತಿಲ್ಲ. ನೆರೆ, ಬಿರುಗಾಳಿಯಂಥ ತಾತ್ಕಾಲಿಕ ಸಂಕಟ, ಆಡಳಿತದ ಸುಧಾರಣೆ, ವಿಶಿಷ್ಟ ಭೌಗೋಳಿಕ ಅಥವಾ ಹವಾಮಾನ ಪರಿಸ್ಥಿತಿ, ಇವು ಅದಕ್ಕೆ ಕಾರಣಗಳು. ಅರ್ಜಿಯಲ್ಲಿ ರಾಜ್ಯ ತನ್ನ ಬಲವಾದ ಸಮರ್ಥನೆ ಕೊಡಬೇಕು: ವಿನಾಯಿತಿ ಏಕೆ ಬೇಕು, ಫಲಾನುಭವಿಗಳಲ್ಲಿ ಎಷ್ಟು ಪಾಲಿಗೆ ತಟ್ಟುತ್ತದೆ, ಅವರು ಹಳ್ಳಿಯವರೋ ಪಟ್ಟಣದವರೋ, ಸೇವೆಯ ಮೇಲೆ ಏನು ಪರಿಣಾಮ, ಎಷ್ಟು ಕಾಲ.

ಎರಡನೆಯದು ಪ್ರಾಯೋಗಿಕ ವಿನಾಯಿತಿ. 17ನೆಯ ಪ್ರಕರಣದ ಬಿ ಉಪಪ್ರಕರಣದಡಿ ಕೃಷಿ ಕಾರ್ಯದರ್ಶಿ ಕಾಯ್ದೆಯ ಅಂಶಗಳನ್ನೇ ಸಡಿಲಿಸಬಹುದು. ಅಧಿಕಾರ ದೊಡ್ಡದಾದ್ದರಿಂದ ಷರತ್ತುಗಳೂ ಹೆಚ್ಚು. ಕಡಿಮೆ ವರಮಾನದವರ ಪೋಷಣೆಯ ಮಟ್ಟ ಏರಿಸುವುದು ಎಂಬ ಮೂಲ ಗುರಿಗೆ ಪ್ರಯೋಗ ಹೊಂದಿಕೆಯಾಗಬೇಕು, ಅದರ ಫಲವನ್ನು ತೀರ್ಮಾನಿಸುವ ಮೌಲ್ಯಮಾಪನ ಅದರ ಭಾಗವಾಗಿರಬೇಕು. 1996ರ ಕಲ್ಯಾಣ ಕಾರ್ಯಕ್ರಮಗಳ ಸುಧಾರಣಾ ಕಾಯ್ದೆ ಇನ್ನಷ್ಟು ಬೇಲಿ ಹಾಕಿತು. ಪ್ರಯೋಗದ ಪ್ರದೇಶದಲ್ಲಿ ಶೇ 5ಕ್ಕಿಂತ ಹೆಚ್ಚು ಕುಟುಂಬಗಳ ನೆರವು ಶೇ 20ಕ್ಕಿಂತ ಹೆಚ್ಚು ಇಳಿಯುವಂತಿದ್ದರೆ, ಆ ಪ್ರಯೋಗ ರಾಜ್ಯದ ಫಲಾನುಭವಿ ಕುಟುಂಬಗಳ ಶೇ 15ನ್ನು ಮೀರಬಾರದು. ಕಾರ್ಯದರ್ಶಿ ವಿಸ್ತರಣೆ ಕೊಡದ ಹೊರತು ಐದು ವರ್ಷ ದಾಟಬಾರದು. ಚೀಟಿಯ ಬದಲು ನಗದು ಕೊಡುವ ಹೊಸ ಪ್ರಯೋಗಗಳಿಗೆ ಬಾಗಿಲು ಮುಚ್ಚಲಾಯಿತು.

ಕೇಂದ್ರಕ್ಕೂ ಗಡುವು ಉಂಟು. ರಾಜ್ಯದ ಕೋರಿಕೆ ತಲುಪಿದ 60 ದಿನಗಳೊಳಗೆ ಒಪ್ಪಿಗೆಯೋ ನಿರಾಕರಣೆಯೋ ಸ್ಪಷ್ಟೀಕರಣದ ಬೇಡಿಕೆಯೋ ಹೋಗಬೇಕು. ಉತ್ತರ ಹೋಗದಿದ್ದರೆ, ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿರದ ಹೊರತು, ಕೋರಿಕೆ ಒಪ್ಪಿಗೆಯಾದಂತೆಯೇ ಲೆಕ್ಕ. ನಿರಾಕರಿಸಿದರೆ ಅದರ ಕಾರಣವನ್ನು ಸಂಸತ್ತಿನ ಎರಡೂ ಸದನಗಳ ಕೃಷಿ ಸಮಿತಿಗಳಿಗೆ ತಿಳಿಸಬೇಕು. ಬೇಡ ಎಂದದ್ದಕ್ಕೆ ಕಾರಣ ಕೊಡಬೇಕಾದ ಈ ಏರ್ಪಾಡಿನ ಒಲವು ಯಾರ ಕಡೆ ಎಂಬುದು ಗಮನಿಸತಕ್ಕದ್ದು: ಪ್ರಯೋಗ ಕೇಳುವ ರಾಜ್ಯದ ಕಡೆ. ಪ್ರಯೋಗಕ್ಕೆ ಒಳಗಾಗುವ ಕುಟುಂಬಕ್ಕೆ ಈ ಹಂತದಲ್ಲಿ ಇರುವ ರಕ್ಷಣೆ ಪ್ರಕಟಣೆಯೊಂದೇ. ಸಾರ್ವಜನಿಕರ ಮೇಲೆ ಗಣನೀಯ ಪರಿಣಾಮ ಬೀರಬಹುದಾದ ಪ್ರಯೋಗ ಶುರುವಾಗುವ ಕನಿಷ್ಠ 30 ದಿನ ಮೊದಲು ಕೇಂದ್ರದ ರಾಜಪತ್ರವಾದ ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟಣೆ ಬರಬೇಕೆಂದು ನಿಯಮಾವಳಿಯ 282ನೆಯ ಭಾಗ ಹೇಳುತ್ತದೆ. ಆಹಾರ ನೆರವು ನಂಬಿದ ಮನೆಯಲ್ಲಿ ರಾಜಪತ್ರ ಓದುವವರು ವಿರಳ. ಅವರ ಪರವಾಗಿ ಓದಿ, ಆಕ್ಷೇಪ ಬರೆಯುವ ಕೆಲಸವನ್ನು ಕಾನೂನು ನೆರವು ಕೇಂದ್ರಗಳು ಮತ್ತು ಹಸಿವಿನ ವಿರುದ್ಧ ದುಡಿಯುವ ಸಂಘಗಳು ಮಾಡುತ್ತ ಬಂದಿವೆ.

ವರದಿಯ ಮೇಲೆ ಇನ್ನೊಂದು ಕಾನೂನಿನ ಹಿಡಿತವಿದೆ. 1980ರಲ್ಲಿ ಬಂದು 1995ರಲ್ಲಿ ಪರಿಷ್ಕೃತವಾದ ಕಾಗದಪತ್ರ ತಗ್ಗಿಸುವ ಕಾಯ್ದೆಯ ಪ್ರಕಾರ, ಹತ್ತು ಅಥವಾ ಹೆಚ್ಚು ಮಂದಿಗೆ ಒಂದೇ ಪ್ರಶ್ನೆ ಕೇಳಬಯಸುವ ಯಾವುದೇ ಕೇಂದ್ರ ಸಂಸ್ಥೆ ಮೊದಲು ಶ್ವೇತಭವನದ ಆಯವ್ಯಯ ಕಚೇರಿಯ ಅನುಮತಿ ಪಡೆಯಬೇಕು. ಇಲ್ಲಿ ‘ಮಂದಿ’ ಎಂದರೆ ರಾಜ್ಯ ಸರ್ಕಾರಗಳೂ ಸೇರಿದವು. 60 ದಿನಗಳ ಒಂದು ಪ್ರಕಟಣೆ, ಆಮೇಲೆ 30 ದಿನಗಳ ಇನ್ನೊಂದು, ಸಾರ್ವಜನಿಕರ ಅಭಿಪ್ರಾಯ, ಕಡೆಗೆ ಒಂದು ನಿಯಂತ್ರಣ ಸಂಖ್ಯೆ. ಅದರ ಆಯುಸ್ಸು ಹೆಚ್ಚೆಂದರೆ ಮೂರು ವರ್ಷ. ಆ ಸಂಖ್ಯೆ ಇಲ್ಲದ ನಮೂನೆಯನ್ನು ತುಂಬದಿದ್ದವರಿಗೆ ದಂಡ ವಿಧಿಸುವಂತಿಲ್ಲ. ಪ್ರಕಟಣೆಯಲ್ಲಿ ‘ಹೊರೆ’ಯ ಲೆಕ್ಕ ಇರಲೇಬೇಕು: ಉತ್ತರಿಸುವವರು ಎಷ್ಟು, ವರ್ಷಕ್ಕೆ ಎಷ್ಟು ಸಲ, ಒಂದು ಸಲಕ್ಕೆ ಎಷ್ಟು ಗಂಟೆ, ಒಟ್ಟು ಎಷ್ಟು. ಜನರ ಸಮಯಕ್ಕೂ ಬೆಲೆಯಿದೆ ಎಂದು ಒಪ್ಪಿಕೊಂಡ ಒಳ್ಳೆಯ ಕಾನೂನು ಇದು. ಅದೇ ಹೊತ್ತಿಗೆ, ಮನೆಮನೆಗೆ ಹೋಗಿ ಕೇಳುವುದನ್ನು ತಡವೂ ದುಬಾರಿಯೂ ಆಗಿಸಿ, ಕಚೇರಿಯ ಗಣಕದಲ್ಲಿ ಈಗಾಗಲೇ ಇರುವ ಅಂಕಿಗಳ ಕಡೆಗೆ ಮೌಲ್ಯಮಾಪನವನ್ನು ವಾಲಿಸುವ ಪರಿಣಾಮವೂ ಅದಕ್ಕಿದೆ.

ವರದಿಯಲ್ಲಿ ಇರುವುದು

ಪ್ರಯೋಗ ಇರಲಿ ಬಿಡಲಿ, ಪ್ರತಿ ರಾಜ್ಯವೂ ಕೊಡಲೇಬೇಕಾದ ಮಾಮೂಲಿ ವರದಿಗಳಿವೆ. ತಿಂಗಳಿಗೆ ಎಷ್ಟು ಮನೆ, ಎಷ್ಟು ಜನ, ಎಷ್ಟು ಹಣ ಎಂಬುದು 388ನೆಯ ನಮೂನೆಯಲ್ಲಿ. ಕೆಲಸ ಮತ್ತು ತರಬೇತಿ ಕಾರ್ಯಕ್ರಮದ ಲೆಕ್ಕ ಮೂರು ತಿಂಗಳಿಗೊಮ್ಮೆ 583ನೆಯ ನಮೂನೆಯಲ್ಲಿ. ಇದಲ್ಲದೆ ಗುಣ ನಿಯಂತ್ರಣ ಎಂಬ ಪದ್ಧತಿಯಡಿ ಪ್ರತಿ ತಿಂಗಳೂ ಕೆಲವು ಕಡತಗಳನ್ನು ಯಾದೃಚ್ಛಿಕವಾಗಿ ಆರಿಸಿ, ನೆರವು ಸರಿಯಾಗಿ ಲೆಕ್ಕ ಹಾಕಿದ್ದಾರೆಯೇ ಎಂದು ಮರುಪರಿಶೀಲಿಸುತ್ತಾರೆ. ಹೆಚ್ಚು ಕೊಟ್ಟರೂ ತಪ್ಪು, ಕಡಿಮೆ ಕೊಟ್ಟರೂ ತಪ್ಪು. 2025ರ ಜುಲೈ 4ರಂದು ಸಹಿಯಾದ ಕಾಯ್ದೆ ಈ ತಪ್ಪಿನ ಪ್ರಮಾಣಕ್ಕೆ ಹಿಂದೆಂದೂ ಇಲ್ಲದ ತೂಕ ಕೊಟ್ಟಿದೆ. 2028ರ ಹಣಕಾಸು ವರ್ಷದಿಂದ ತಪ್ಪಿನ ಪ್ರಮಾಣ ಶೇ 6ಕ್ಕಿಂತ ಕೆಳಗಿರುವ ರಾಜ್ಯಗಳ ನೆರವಿನ ವೆಚ್ಚವನ್ನು ಕೇಂದ್ರವೇ ಭರಿಸುತ್ತದೆ. ಉಳಿದವು ತಪ್ಪಿನ ಮಟ್ಟಕ್ಕೆ ತಕ್ಕಂತೆ ಶೇ 5ರಿಂದ ಶೇ 15ರವರೆಗೆ ತಮ್ಮ ಬೊಕ್ಕಸದಿಂದ ಕೊಡಬೇಕು. ಅರ್ಜಿ ಸರಳಗೊಳಿಸುವ ಪ್ರಯೋಗ ಮಾಡಬಯಸುವ ರಾಜ್ಯ ಇನ್ನು ಮುಂದೆ ಎರಡು ಸಲ ಯೋಚಿಸುತ್ತದೆ. ಸರಳಗೊಳಿಸಿದಾಗ ಒಂದು ಪತ್ರ ಕಡಿಮೆ ಕೇಳಿದರೆ, ಆ ಜಾಗದಲ್ಲಿ ತಪ್ಪೊಂದು ಹೊಕ್ಕೀತೆಂಬ ಭಯ ಸಹಜ.

ಪ್ರಯೋಗದ ವರದಿ ಇವೆಲ್ಲದರ ಮೇಲೆ. ವೃದ್ಧರ ಸರಳ ಅರ್ಜಿ ಯೋಜನೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ದುಡಿಮೆಯ ಆದಾಯವಿಲ್ಲದ ವೃದ್ಧರು ಮತ್ತು ಅಂಗವಿಕಲರ ಮನೆಗಳಿಗೆ ಒಮ್ಮೆ ಅರ್ಹತೆ ಸಿಕ್ಕರೆ 36 ತಿಂಗಳು ಮುಂದುವರಿಯುತ್ತದೆ, ನವೀಕರಣದ ವೇಳೆ ಸಂದರ್ಶನಕ್ಕೆ ಬರಬೇಕಿಲ್ಲ, ದಾಖಲೆಗಳ ಬದಲು ಸರ್ಕಾರದ ಬಳಿ ಈಗಾಗಲೇ ಇರುವ ಮಾಹಿತಿಯೊಂದಿಗೆ ತಾಳೆ ನೋಡುತ್ತಾರೆ. ಎಂಬತ್ತು ದಾಟಿದ ಜೀವವನ್ನು ಬಸ್ಸು ಹತ್ತಿಸಿ ಕಚೇರಿಯ ಮುಂದೆ ನಿಲ್ಲಿಸುವುದು ತಪ್ಪುತ್ತದೆಂಬ ಕಾರಣಕ್ಕೇ ಇದು ದೊಡ್ಡ ಸುಧಾರಣೆ. ಇಂಥ ಯೋಜನೆ ನಡೆಸುವ ರಾಜ್ಯ ಎಷ್ಟು ಮನೆಗಳು ಸೇರಿದವು, ನೆರವಿನ ಮೊತ್ತ ಎಷ್ಟಾಯಿತು, ಆಡಳಿತದ ಖರ್ಚು ಇಳಿಯಿತೇ ಎಂಬ ಲೆಕ್ಕ ಒಪ್ಪಿಸಬೇಕು. ಪೂರಕ ಭದ್ರತಾ ಆದಾಯ ಎಂಬ ಕೇಂದ್ರದ ನಗದು ನೆರವು ಪಡೆಯುವವರಿಗಾಗಿ 1995ರಲ್ಲಿ ಸೌತ್ ಕ್ಯಾರೊಲಿನಾದಲ್ಲಿ ಶುರುವಾದ ಸಂಯುಕ್ತ ಅರ್ಜಿ ಯೋಜನೆಗಳಿಗಂತೂ ಒಟ್ಟು ವೆಚ್ಚ ಹೆಚ್ಚಬಾರದೆಂಬ ನಿಯಮವೇ ಉಂಟು. ಅದರ ಅರ್ಥ, ಸರಳ ಲೆಕ್ಕದಿಂದ ಒಬ್ಬರಿಗೆ ಹತ್ತು ಡಾಲರ್ ಹೆಚ್ಚು ಸಿಕ್ಕರೆ ಇನ್ನೊಬ್ಬರ ಪಾಲಿನಲ್ಲಿ ಅದು ಸರಿದೂಗಬೇಕು. ಬಿಟ್ಟುಹೋದವರನ್ನು ಒಳಗೆ ತರುವುದೇ ಗುರಿಯಾದ ಪ್ರಯೋಗವನ್ನು ವೆಚ್ಚ ಏರದಿರುವುದರಿಂದ ಅಳೆಯುವುದು ಈ ವ್ಯವಸ್ಥೆಯ ಒಳಗಿನ ವಿರೋಧ. ಗೆದ್ದಷ್ಟೂ ಸೋತ ಹಾಗೆ ಕಾಣುವ ಅಳತೆ ಅದು.

ಕೆಲವು ಪ್ರಯೋಗಗಳು, ಅವುಗಳ ವರದಿಗಳು

ತಿಂಗಳ ವರದಿಯ ಪ್ರಯೋಗ. ಇಲ್ಲಿ ವರದಿ ಕೊಡಬೇಕಾದವರು ಫಲಾನುಭವಿಗಳೇ. 1970ರ ದಶಕದಲ್ಲಿ ಕೊಲೊರಾಡೊದ ಡೆನ್ವರ್‌ನಲ್ಲಿ, ನಗದು ನೆರವು ಪಡೆಯುವ ಕುಟುಂಬಗಳು ಪ್ರತಿ ತಿಂಗಳೂ ತಮ್ಮ ಆದಾಯದ ವಿವರ ಬರೆದು ಕಳಿಸುವ ಪದ್ಧತಿಯನ್ನು ಪರೀಕ್ಷಿಸಿದರು. ಹಣ ಉಳಿಯಿತೆಂಬ ಫಲಿತಾಂಶ ಬಂತು. ಬೇರೆ ಕಡೆಗಳ ಪರೀಕ್ಷೆ ಮುಗಿಯುವ ಮೊದಲೇ 1981ರ ಆಯವ್ಯಯ ಕಾಯ್ದೆ ಅದನ್ನು ಆಹಾರ ಚೀಟಿ ಯೋಜನೆಗೂ ಕಡ್ಡಾಯವಾಗಿ ತಂದಿತು. ಆಮೇಲೆ ಬಂದ ವರದಿಗಳಲ್ಲಿ ಆ ಉಳಿತಾಯ ಕಾಣಲಿಲ್ಲ. ಕಂಡದ್ದು ಕಾಗದದ ರಾಶಿ, ಮತ್ತು ನಮೂನೆ ತಡವಾಯಿತೆಂದು ಆ ತಿಂಗಳ ನೆರವು ಕಳೆದುಕೊಂಡ ಮನೆಗಳು. ಕಡ್ಡಾಯ ಕ್ರಮೇಣ ರಾಜ್ಯದ ಇಚ್ಛೆಗೆ ಬಿಟ್ಟ ವಿಷಯವಾಯಿತು. 2002ರ ಕೃಷಿ ಕಾಯ್ದೆಯ ನಂತರ ಆರು ತಿಂಗಳಿಗೊಮ್ಮೆ ತಿಳಿಸಿದರೆ ಸಾಕೆಂಬ ಸರಳ ಪದ್ಧತಿ ಬಹುತೇಕ ಮನೆಗಳಿಗೆ ಬಂತು. ಒಂದೇ ಊರಿನ ವರದಿಯನ್ನು ನಂಬಿ ದೇಶಕ್ಕೆಲ್ಲ ನಿಯಮ ಹೇರಿದ್ದಕ್ಕೆ ತೆತ್ತ ಬೆಲೆ ಇದು, ಮತ್ತು ಅದನ್ನು ತೆತ್ತವರು ನಿಯಮ ಮಾಡಿದವರಲ್ಲ.

ಕಾಗದದ ಚೀಟಿಯಿಂದ ಕಾರ್ಡಿಗೆ. 1984ರಲ್ಲಿ ಪೆನ್ಸಿಲ್ವೇನಿಯಾದ ರೆಡಿಂಗ್ ಪಟ್ಟಣದಲ್ಲಿ ಮೊದಲ ಸಲ ಚೀಟಿಯ ಬದಲು ಬ್ಯಾಂಕ್ ಕಾರ್ಡಿನಂಥ ಕಾರ್ಡ್ ಕೊಟ್ಟರು. ಆರಂಭದ ವರದಿಯಲ್ಲಿ ಆಡಳಿತದ ವೆಚ್ಚ ಕಾಗದದ ಚೀಟಿಗಿಂತ ಬಹಳ ಹೆಚ್ಚಿತ್ತು. ಅಷ್ಟಕ್ಕೇ ಕೈಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಂಗಡಿಯವರು, ಬ್ಯಾಂಕಿನವರು, ಫಲಾನುಭವಿಗಳು ಮೂವರೂ ಕಾರ್ಡನ್ನೇ ಮೆಚ್ಚಿದ್ದರೆಂಬುದು ಅದೇ ವರದಿಯಲ್ಲಿತ್ತು. ಸಾಲಿನಲ್ಲಿ ನಿಂತು ಚೀಟಿಯ ಪುಸ್ತಕ ಹರಿಯುವಾಗ ಹಿಂದಿನವರ ನೋಟ ಎದುರಿಸಬೇಕಾಗಿದ್ದವರಿಗೆ ಕಾರ್ಡು ಮರ್ಯಾದೆಯ ವಿಷಯ. ಪ್ರಯೋಗವನ್ನು ಮುಂದುವರಿಸಿ, ರಾಜ್ಯವೇ ನಡೆಸತೊಡಗಿದಾಗ ವೆಚ್ಚ ಇಳಿಯಿತು. 1990ರ ಕಾಯ್ದೆ ಕಾರ್ಡನ್ನು ಪ್ರಯೋಗದ ಸ್ಥಿತಿಯಿಂದ ಮೇಲೆತ್ತಿ ರಾಜ್ಯಗಳ ಅಧಿಕೃತ ಆಯ್ಕೆಯಾಗಿಸಿತು. 1993ರಲ್ಲಿ ಮೇರಿಲ್ಯಾಂಡ್ ರಾಜ್ಯದಾದ್ಯಂತ ಅದು ಬಂತು. 1996ರ ಕಾಯ್ದೆ 2002ರ ಗಡುವು ಹಾಕಿತು. 2004ರ ಹೊತ್ತಿಗೆ ಐವತ್ತೂ ರಾಜ್ಯಗಳಲ್ಲಿ ಕಾಗದದ ಚೀಟಿ ಮರೆಯಾಯಿತು. ಒಂದು ಪಟ್ಟಣದಿಂದ ದೇಶಕ್ಕೆ ಇಪ್ಪತ್ತು ವರ್ಷ. ನಿಧಾನವೆನಿಸಿದರೂ, ನಡುವೆ ಯಾರ ಮನೆಯ ಒಲೆಯೂ ಆರದಂತೆ ಮಾಡಿದ ಬದಲಾವಣೆ.

ನಗದಿನ ಪ್ರಯೋಗಗಳು. 1990ರ ದಶಕದ ಆರಂಭದಲ್ಲಿ ಅಲಬಾಮಾದ ಎರಡು ಯೋಜನೆಗಳು, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಮತ್ತು ವಾಷಿಂಗ್ಟನ್ ರಾಜ್ಯ ಚೀಟಿಯ ಬದಲು ಹಣ ಕೊಟ್ಟು ನೋಡಿದವು. ಅಲಬಾಮಾದ ಒಂದು ಯೋಜನೆ ಮತ್ತು ಸ್ಯಾನ್ ಡಿಯೇಗೊದಲ್ಲಿ ಯಾರಿಗೆ ಹಣ, ಯಾರಿಗೆ ಚೀಟಿ ಎಂಬುದು ಯಾದೃಚ್ಛಿಕವಾಗಿ ತೀರ್ಮಾನವಾಯಿತು. ಮನೆಯವರನ್ನು ಕೂರಿಸಿ ಆಹಾರ ವೆಚ್ಚದ ವಿವರ ಕೇಳಿದರು. ಅಲಬಾಮಾದ ಆ ಯೋಜನೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ, ಸ್ಯಾನ್ ಡಿಯೇಗೊದಲ್ಲಿ ಆಹಾರದ ಖರ್ಚು ತುಸು ಇಳಿಯಿತು, ಉಳಿದೆರಡು ಕಡೆ ಇಳಿಕೆ ಹೆಚ್ಚು. ನಾಲ್ಕು ಕಡೆ ಒಂದೇ ಪ್ರಶ್ನೆಗೆ ಒಂದೇ ಉತ್ತರ ಬರಲಿಲ್ಲ. ಉಳಿದೆರಡು ಯೋಜನೆಗಳಲ್ಲಿ ನಗದಿನ ಜೊತೆಗೆ ಇತರ ನಿಯಮಗಳೂ ಬದಲಾಗಿದ್ದವು. ಅಲ್ಲಿ ಹೋಲಿಕೆ ನಡೆದದ್ದು ಬೇರೆ ಬೇರೆ ಕೌಂಟಿ, ಕಚೇರಿಗಳ ನಡುವೆ. ಏಕಕಾಲಕ್ಕೆ ಎರಡು ಮೂರು ಸಂಗತಿ ಬದಲಾಯಿಸಿದಾಗ ಫಲ ಯಾವುದರದ್ದು ಎಂದು ಹೇಳಲಾಗದು. ಹೋಲಿಕೆಯ ಗುಂಪು ಹೇಗೆ ಆರಿಸಿದರೆಂಬುದನ್ನು ವರದಿಯ ಮೊದಲ ಪುಟಗಳಲ್ಲೇ ಹುಡುಕಬೇಕಾದದ್ದು ಇದಕ್ಕೇ.

ಹಣ್ಣು ತರಕಾರಿಗೆ ಉತ್ತೇಜನ. 2008ರ ಕೃಷಿ ಕಾಯ್ದೆ ಎರಡು ಕೋಟಿ ಡಾಲರ್ ಕೊಟ್ಟ ಈ ಪ್ರಯೋಗ ಮ್ಯಾಸಚೂಸೆಟ್ಸ್ ರಾಜ್ಯದ ಹ್ಯಾಂಪ್‌ಡನ್ ಕೌಂಟಿಯಲ್ಲಿ 2011ರ ನವೆಂಬರ್‌ನಿಂದ 2012ರ ಡಿಸೆಂಬರ್‌ವರೆಗೆ ನಡೆಯಿತು. ಸುಮಾರು 55,000 ಫಲಾನುಭವಿ ಮನೆಗಳಿಂದ 7,500 ಮನೆಗಳನ್ನು ಯಾದೃಚ್ಛಿಕವಾಗಿ ಆರಿಸಿದರು. ನಿಗದಿತ ಹಣ್ಣು ತರಕಾರಿಗೆ ಒಂದು ಡಾಲರ್ ಖರ್ಚು ಮಾಡಿದರೆ 30 ಸೆಂಟ್ ಅವರ ಕಾರ್ಡಿಗೆ ಮರಳಿ ಜಮೆ. ಆಯ್ದ ಜನರನ್ನು ಹಿಂದಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ಏನೇನು ತಿಂದಿರೆಂದು ಕೇಳಿ ಬರೆದುಕೊಂಡರು. 2014ರ ಅಂತಿಮ ವರದಿಯಂತೆ ಉತ್ತೇಜನ ಪಡೆದವರು ಇತರರಿಗಿಂತ ದಿನಕ್ಕೆ ಸುಮಾರು ಕಾಲು ಕಪ್, ಅಂದರೆ ಶೇ 26ರಷ್ಟು ಹೆಚ್ಚು ಹಣ್ಣು ತರಕಾರಿ ತಿಂದಿದ್ದರು. ಅದೇ ವರ್ಷದ ಕೃಷಿ ಕಾಯ್ದೆ ಇಂಥ ಉತ್ತೇಜನಗಳಿಗೆ ಹತ್ತು ಕೋಟಿ ಡಾಲರ್ ಮೀಸಲಿಟ್ಟಿತು. ಜನರಿಗೆ ತಮ್ಮ ಆರೋಗ್ಯದ ಚಿಂತೆಯಿಲ್ಲ ಎಂಬ ಮಾತಿಗೆ ಈ ವರದಿ ಕೊಟ್ಟ ಉತ್ತರ ಅಂಕಿಗಳಲ್ಲಿದೆ. ಕೈಗೆಟುಕುವ ಬೆಲೆಗೆ ಸಿಕ್ಕರೆ ಬಡವರೂ ಹಣ್ಣು ತಿನ್ನುತ್ತಾರೆ.

ಬೇಸಿಗೆ ರಜೆಯಲ್ಲಿ ಶಾಲೆಯ ಊಟ ತಪ್ಪುವ ಮಕ್ಕಳಿಗಾಗಿ ನಡೆದ ಕಾರ್ಡ್ ಪ್ರಯೋಗವೂ ಇದೇ ಜಾಡಿನದು. ತಿಂಗಳಿಗೆ ಮಗುವಿಗೆ 60 ಡಾಲರ್ ಕೊಟ್ಟಾಗ ಮಕ್ಕಳಲ್ಲಿ ತೀವ್ರ ಆಹಾರ ಅಭದ್ರತೆ ಮೂರನೆಯ ಒಂದು ಭಾಗ ಇಳಿಯಿತು. 2022ರ ಡಿಸೆಂಬರ್‌ನಲ್ಲಿ ಸಂಸತ್ತು ಅದನ್ನು ಶಾಶ್ವತಗೊಳಿಸಿತು. ಆದರೆ ಕಾನೂನು ನಿಗದಿಪಡಿಸಿದ ಮೊತ್ತ 40 ಡಾಲರ್. ಅಂತರ್ಜಾಲದಲ್ಲಿ ದಿನಸಿ ಕೊಳ್ಳುವ ಪ್ರಯೋಗ 2019ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾಗಿ, ಮರುವರ್ಷ ಕೋವಿಡ್ ಬಂದಾಗ ವರದಿಗೆ ಕಾಯದೆ ದೇಶದ ಉದ್ದಗಲಕ್ಕೂ ಹಬ್ಬಿತು. ಆ ಹೊತ್ತಿನಲ್ಲಿ ಕಾಯುವುದು ಸಾಧ್ಯವೂ ಇರಲಿಲ್ಲ.

ಒಪ್ಪಿಗೆಯ ಪ್ರಶ್ನೆ

ಔಷಧದ ಪ್ರಯೋಗಕ್ಕೆ ರೋಗಿಯ ಒಪ್ಪಿಗೆ ಬೇಕು. ಆಹಾರ ನೆರವಿನ ಪ್ರಯೋಗಕ್ಕೆ? 1976ರಲ್ಲಿ ಜಾರ್ಜಿಯಾದ ಬಡವರ ವೈದ್ಯಕೀಯ ನೆರವಿಗೆ ಪ್ರಾಯೋಗಿಕ ಶುಲ್ಕ ಹಾಕಿದ ಪ್ರಕರಣದಲ್ಲಿ, ಇದು ಮನುಷ್ಯರ ಮೇಲಿನ ಪ್ರಯೋಗವಾದ್ದರಿಂದ ನೈತಿಕ ಪರಿಶೀಲನಾ ಮಂಡಳಿಯ ಮುಂದೆ ಹೋಗಬೇಕೆಂದು ಕೇಂದ್ರದ ನ್ಯಾಯಾಲಯ ಹೇಳಿತು. ಸರ್ಕಾರ 1983ರಲ್ಲಿ ನಿಯಮವನ್ನೇ ತಿದ್ದಿ, ಸಾರ್ವಜನಿಕ ನೆರವು ಕಾರ್ಯಕ್ರಮಗಳ ಪ್ರಯೋಗಗಳನ್ನು ಆ ಪರಿಶೀಲನೆಯಿಂದ ಹೊರಗಿಟ್ಟಿತು. 2017ರಲ್ಲಿ ಪ್ರಕಟವಾದ ಪರಿಷ್ಕೃತ ನಿಯಮಾವಳಿ ಈ ವಿನಾಯಿತಿಯನ್ನು ಉಳಿಸಿಕೊಂಡು, ಅಂಥ ಪ್ರಯೋಗಗಳ ಪಟ್ಟಿಯನ್ನು ಶುರುವಾಗುವ ಮೊದಲೇ ಸಾರ್ವಜನಿಕ ಜಾಲತಾಣದಲ್ಲಿ ಹಾಕಬೇಕೆಂದಿತು.

ನಗದು ನೆರವಿನ ಕ್ಷೇತ್ರದಲ್ಲಿ 1994ರ ಬೆನೊ ಪ್ರಕರಣದ ತೀರ್ಪು ಮುಖ್ಯವಾದದ್ದು. ಕ್ಯಾಲಿಫೋರ್ನಿಯಾ ರಾಜ್ಯದಾದ್ಯಂತ ನೆರವು ಕಡಿತಗೊಳಿಸಿ ಅದನ್ನು ಪ್ರಯೋಗವೆಂದು ಕರೆದಿತ್ತು. ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ, ಹಣ ಉಳಿಸುವ ಕಡಿತ ತನ್ನಷ್ಟಕ್ಕೆ ಪ್ರಯೋಗವಾಗದು, ಅದರಿಂದ ತಿಳಿಯಬೇಕಾದದ್ದು ಏನಾದರೂ ಇರಬೇಕು, ಆಕ್ಷೇಪಗಳನ್ನು ಪರಿಶೀಲಿಸಿದ್ದು ಕಡತದಲ್ಲಿ ಕಾಣಬೇಕು ಎಂದಿತು. ಆಹಾರ ನೆರವಿಗೂ ಈ ಮಾತು ಸಲ್ಲಬೇಕಾದದ್ದೇ.

ವರದಿ ಯಾರ ಕೈಗೆ ಸಿಗುತ್ತದೆ ಎಂಬುದೂ ಇದಕ್ಕೆ ಸೇರಿದ ಪ್ರಶ್ನೆ. ಸೌತ್ ಡಕೋಟಾದ ಆರ್ಗಸ್ ಲೀಡರ್ ಪತ್ರಿಕೆ ಯಾವ ಅಂಗಡಿಗೆ ಈ ಯೋಜನೆಯಿಂದ ಎಷ್ಟು ಹಣ ಹೋಗುತ್ತದೆಂದು 2011ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿತು. 2019ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದು ಅಂಗಡಿಗಳ ಗೋಪ್ಯ ವಾಣಿಜ್ಯ ಮಾಹಿತಿ ಎಂದು ತೀರ್ಪಿತ್ತಿತು. ಕುಟುಂಬದ ಆದಾಯ, ಬಾಡಿಗೆ, ವಿದ್ಯುತ್ ಬಿಲ್ಲಿನವರೆಗೆ ಬಿಚ್ಚಿಡಬೇಕಾದ ಯೋಜನೆಯಲ್ಲಿ ಅಂಗಡಿಗೆ ಹೋಗುವ ಒಟ್ಟು ಹಣ ಗೋಪ್ಯವಾಗಿ ಉಳಿದದ್ದು ನ್ಯಾಯವಾಗಿ ಕಾಣುವುದಿಲ್ಲ.

ಭಾರತದಲ್ಲಿ

ನಮ್ಮಲ್ಲೂ ಆಹಾರ ನೆರವಿನ ಬದಲಾವಣೆಗಳನ್ನು ಪರೀಕ್ಷಿಸಿದ್ದುಂಟು. 2015ರಲ್ಲಿ ಚಂಡೀಗಢ ಮತ್ತು ಪುದುಚೇರಿಯಲ್ಲಿ, ಅನಂತರ ದಾದ್ರಾ ಮತ್ತು ನಗರ್ ಹವೇಲಿಯಲ್ಲಿ ಪಡಿತರದ ಬದಲು ಬ್ಯಾಂಕ್ ಖಾತೆಗೆ ಹಣ ಹಾಕಲಾಯಿತು. ನೀತಿ ಆಯೋಗದ ಪರವಾಗಿ ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್ ಮತ್ತು ಸಂದೀಪ್ ಸುಖ್ಟಣಕರ್ ಅದನ್ನು ಅಧ್ಯಯನ ಮಾಡಿದರು. ಸರ್ಕಾರಿ ದಾಖಲೆಯಲ್ಲಿ ಬಹುತೇಕ ಎಲ್ಲ ಜಮೆಯೂ ಯಶಸ್ವಿ. ಮನೆಗೆ ಹೋಗಿ ಕೇಳಿದರೆ, ಮೊದಲ ಸುತ್ತಿನಲ್ಲಿ ಹಣ ಬಂದಿಲ್ಲವೆಂದವರು ಅನೇಕರು. ಕಚೇರಿಯ ಲೆಕ್ಕಕ್ಕೂ ಮನೆಯ ಲೆಕ್ಕಕ್ಕೂ ನಡುವಿನ ಈ ಅಂತರವನ್ನು ಹಿಡಿಯುವುದೇ ಒಳ್ಳೆಯ ವರದಿಯ ಕೆಲಸ.

ಕರ್ನಾಟಕದಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲಾ ಮಕ್ಕಳಿಗೆ 2021ರ ಡಿಸೆಂಬರ್‌ನಿಂದ ಮೊಟ್ಟೆ ಕೊಟ್ಟಾಗ, ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಯಾದಗಿರಿಯ ಮಕ್ಕಳನ್ನು ಮೊಟ್ಟೆ ಸಿಗದ ಗದಗದ ಮಕ್ಕಳೊಂದಿಗೆ ಹೋಲಿಸಿ ನೋಡಿತು. ಮೊಟ್ಟೆ ತಿಂದ ಮಕ್ಕಳ ಬೆಳವಣಿಗೆ ಮೇಲಾಗಿತ್ತು; 2022ರಲ್ಲಿ ಮೊಟ್ಟೆ ರಾಜ್ಯದ ಇತರ ಜಿಲ್ಲೆಗಳಿಗೂ ಬಂತು. ಅನ್ನಭಾಗ್ಯದ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು 2023ರ ಜುಲೈನಿಂದ ತಲಾ 170 ರೂಪಾಯಿ ಖಾತೆಗೆ ಹಾಕಿದ್ದು, 2025ರ ಆರಂಭದಲ್ಲಿ ಮತ್ತೆ ಅಕ್ಕಿಗೆ ಮರಳಿದ್ದು ಬೇರೆ ಬಗೆಯದು. ಕೇಂದ್ರದಿಂದ ಅಕ್ಕಿ ಸಿಗದ ಅನಿವಾರ್ಯದಲ್ಲಿ ಹುಟ್ಟಿದ ಆ ಏರ್ಪಾಡು ಪ್ರಯೋಗವಾಗಿ ರೂಪುಗೊಂಡದ್ದಲ್ಲ.

ತಿನಿಸಿನ ಮೇಲಿನ ನಿರ್ಬಂಧಗಳು

ಅಮೆರಿಕದ ಕಾಯ್ದೆಯಲ್ಲಿ ಆಹಾರ ಎಂದರೆ ಮದ್ಯ, ತಂಬಾಕು ಮತ್ತು ತಕ್ಷಣ ತಿನ್ನಲು ಸಿದ್ಧವಾದ ಬಿಸಿ ಅಡುಗೆ ಬಿಟ್ಟು ಮನೆಗೆ ಒಯ್ಯುವ ಎಲ್ಲ ತಿನಿಸೂ ಹೌದು. ಸೋಡಾ, ಮಿಠಾಯಿಗಳನ್ನು ಇದರಿಂದ ಹೊರಗಿಡಲು 2004ರಲ್ಲಿ ಮಿನೆಸೋಟ ಕೇಳಿದಾಗ ಕೃಷಿ ಇಲಾಖೆ ಒಪ್ಪಲಿಲ್ಲ. 2010ರಲ್ಲಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಕಾಲದ ನ್ಯೂಯಾರ್ಕ್ ನಗರ ಸಕ್ಕರೆಯ ಪಾನೀಯಗಳಿಗೆ ತಡೆ ಕೇಳಿತು. ಪ್ರಯೋಗದ ಗಾತ್ರ ತೀರಾ ದೊಡ್ಡದು, ತೊಡಕಿನದು ಎಂದು 2011ರ ಆಗಸ್ಟ್‌ನಲ್ಲಿ ಇಲಾಖೆ ನಿರಾಕರಿಸಿತು.

2025ರಲ್ಲಿ ನಿಲುವು ಬದಲಾಯಿತು. ಕೃಷಿ ಕಾರ್ಯದರ್ಶಿ ಬ್ರೂಕ್ ರಾಲಿನ್ಸ್ ಮೇ 19ರಂದು ನೆಬ್ರಾಸ್ಕಕ್ಕೆ ಮೊದಲ ಒಪ್ಪಿಗೆ ಕೊಟ್ಟರು. ವರ್ಷದ ಕೊನೆಗೆ ಅಂಥ ರಾಜ್ಯಗಳು 18 ಆದವು. ನೆಬ್ರಾಸ್ಕ, ಅಯೋವಾ, ಇಂಡಿಯಾನಾ, ಯೂಟಾ, ವೆಸ್ಟ್ ವರ್ಜೀನಿಯಾಗಳಲ್ಲಿ 2026ರ ಜನವರಿ 1ರಿಂದ ಜಾರಿ. ಆಧಾರ ಅದೇ 17ನೆಯ ಪ್ರಕರಣ, ಆದ್ದರಿಂದ ಮೌಲ್ಯಮಾಪನ ಇಲ್ಲೂ ಕಡ್ಡಾಯ. ಒಂದು ನಗರವೇ ದೊಡ್ಡದಾಯಿತೆಂದ ಜಾಗದಲ್ಲಿ ಇಡೀ ರಾಜ್ಯಗಳು ಬಂದಿವೆ. ಹ್ಯಾಂಪ್‌ಡನ್‌ನಂತೆ ಯಾದೃಚ್ಛಿಕವಾಗಿ ಆರಿಸಿದ ಹೋಲಿಕೆಯ ಗುಂಪು ರಾಜ್ಯದೊಳಗೆ ಉಳಿದಿಲ್ಲ. ನಿರ್ಬಂಧಿತ ತಿನಿಸಿನ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಇದಕ್ಕಿಂತ ಕಠಿಣವಾದದ್ದು ಮಾಹಿತಿಯ ಕೊರತೆ. ಕಾರ್ಡ್ ಉಜ್ಜಿದಾಗ ಸರ್ಕಾರಕ್ಕೆ ತಿಳಿಯುವುದು ಅಂಗಡಿ, ಸಮಯ ಮತ್ತು ಮೊತ್ತ. ಕೊಂಡದ್ದು ಸೋಡಾವೋ ಹಾಲೋ ಎಂಬುದು ಅಂಗಡಿಯ ಗಣಕದಲ್ಲಷ್ಟೇ ಇರುತ್ತದೆ. ಆ ಮನೆ ಸೋಡಾವನ್ನು ತನ್ನ ಕೈಯ ಹಣದಿಂದ ಕೊಂಡಿತೇ, ಪಕ್ಕದ ರಾಜ್ಯಕ್ಕೆ ಹೋಗಿ ಕೊಂಡಿತೇ, ತಡೆಯ ಗೊಂದಲದಲ್ಲಿ ಅರ್ಹ ಪದಾರ್ಥವನ್ನೂ ಬಿಟ್ಟು ಬಂದಿತೇ ಎಂಬುದು ಅಲ್ಲೂ ಇರುವುದಿಲ್ಲ. ಅದನ್ನು ತಿಳಿಯಲು ಮನೆಯವರನ್ನೇ ಕೇಳಬೇಕು.

ಇಂಥ ಪ್ರಶ್ನೆಗಳಿಗೆ ರಾಷ್ಟ್ರಮಟ್ಟದ ಅಳತೆಗೋಲಾಗಿ 1995ರಿಂದ ಕುಟುಂಬಗಳ ಆಹಾರ ಭದ್ರತೆಯ ವಾರ್ಷಿಕ ಸಮೀಕ್ಷೆ ನಡೆಯುತ್ತಿತ್ತು. ಹಣ ಸಾಲದೆ ಊಟ ಬಿಟ್ಟದ್ದುಂಟೇ, ಮಕ್ಕಳ ತಟ್ಟೆಯಲ್ಲಿ ಕಡಿಮೆ ಮಾಡಿದ್ದುಂಟೇ ಎಂದು ಕೇಳುವ ಹದಿನೆಂಟು ಪ್ರಶ್ನೆಗಳು ಅದರಲ್ಲಿದ್ದವು. 2025ರ ಸೆಪ್ಟೆಂಬರ್‌ನಲ್ಲಿ ಕೃಷಿ ಇಲಾಖೆ ಆ ಸಮೀಕ್ಷೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ತಿನಿಸಿನ ನಿರ್ಬಂಧ ಜಾರಿಗೆ ತಂದ ರಾಜ್ಯಗಳು ಈಗ ಆ ಪ್ರಶ್ನೆಗಳನ್ನು ತಮ್ಮ ಖರ್ಚಿನಲ್ಲಿ ತಾವೇ ಕೇಳಬೇಕು, ಇಲ್ಲವೇ ಅವುಗಳಿಲ್ಲದೆ ಮೌಲ್ಯಮಾಪನ ಬರೆಯಬೇಕು.